ದೀಪ ಹಿಡಿದ ಹುಡುಗಿಯ ಎದುರು 20 ನಿಮಿಷ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಗ್ಯಾಲರಿ ಅಂದ ತಕ್ಷಣ ನಿಮಗೇನು ನೆನಪಾಗುತ್ತೆ? ನಿಜ ಹೇಳಿ. ಫೋನ್ ತಾನೆ? ನನಗೂ ಹಾಗೇನೆ. ನನ್ನ ಫೋನ್ ಗ್ಯಾಲರಿಯಲ್ಲಿ ಈಗ ಹನ್ನೊಂದು ಸಾವಿರ ಫೋಟೋ ಇವೆ. ಅದರಲ್ಲಿ ಎರಡನೇ ಸಲ ತೆಗೆದು ನೋಡಿದ್ದು ನೂರು ಇದ್ದರೆ ಹೆಚ್ಚು. ಇವತ್ತು ಮಾತಾಡೋಕೆ ಹೊರಟಿರೋದು ಇನ್ನೊಂದು ಥರದ ಗ್ಯಾಲರಿ ಬಗ್ಗೆ. ಮೈಸೂರಿನ ಜಗನ್ಮೋಹನ ಅರಮನೆ, ಅಲ್ಲಿರೋ ಒಂದೇ ಒಂದು ಚಿತ್ರ, ಆಮೇಲೆ ನಮ್ಮಪ್ಪ.

ನಾನು ಓದಿದ್ದು ಮಂಡ್ಯದಲ್ಲಿ, ಬಿ.ಕಾಂ. ಆಗ ಓಪನ್ ಎಲೆಕ್ಟಿವ್ ಅಂತ ಬೇರೆ ವಿಭಾಗದ ಒಂದು ವಿಷಯ ತಗೋಬೇಕಿತ್ತು. ನಮ್ಮ ಕ್ಲಾಸಿನ ಇಪ್ಪತ್ತೆರಡು ಜನ ಕಲೆಯನ್ನು ನೋಡೋದು ಹೇಗೆ ಅನ್ನೋ ಪೇಪರ್ ತಗೊಂಡ್ವಿ. ಕಲೆಯ ಮೇಲಿನ ಪ್ರೀತಿಯಿಂದಲ್ಲ. ಅದರಲ್ಲಿ ಲೆಕ್ಕ ಇಲ್ಲ, ಮಾರ್ಕ್ಸ್ ಬೀಳುತ್ತೆ ಅಂತ ಸೀನಿಯರ್ಸ್ ಹೇಳಿದ್ರು. ಪಾಠ ಮಾಡೋಕೆ ಬಂದ ಮೇಡಂ ಮೊದಲ ತಿಂಗಳು ಸ್ಲೈಡ್ ತೋರಿಸಿದ್ರು. ಎರಡನೇ ತಿಂಗಳು, 'ಪರದೆ ಮೇಲೆ ನೋಡಿದ್ದು ಸಾಕು, ಶನಿವಾರ ಬೆಳಿಗ್ಗೆ ಸ್ಟೇಷನ್‌ಗೆ ಬನ್ನಿ' ಅಂದ್ರು.

ಮಂಡ್ಯದಿಂದ ಮೈಸೂರು ಎಷ್ಟು ದೂರ? ನಲವತ್ತೈದು ಕಿಲೋಮೀಟರ್. ದಸರಾ ನೋಡೋಕೆ, ಝೂ ನೋಡೋಕೆ, ದೇವರಾಜ ಮಾರ್ಕೆಟ್ ಸುತ್ತೋಕೆ ಎಷ್ಟು ಸಲ ಹೋಗಿದ್ದೀವೋ ಲೆಕ್ಕ ಇಲ್ಲ. ಆದರೆ ಇಪ್ಪತ್ತೆರಡು ಜನರಲ್ಲಿ ಜಗನ್ಮೋಹನ ಅರಮನೆಯ ಒಳಗೆ ಹೋಗಿದ್ದವರು ಮೂರೇ ಮೂರು ಜನ. ದೊಡ್ಡ ಅರಮನೆಯ ಲೈಟ್ ನೋಡಿ ವಾಪಸ್ ಬರೋದು ನಮ್ಮ ಕಡೆಯ ಸಂಪ್ರದಾಯ.

ಆ ಕಟ್ಟಡದ ಬಗ್ಗೆ ಚುಟುಕಾಗಿ ಹೇಳ್ಬಿಡ್ತೀನಿ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ, ಈಗಿನ ಅರಮನೆ ಮುಗಿಯೋವರೆಗೆ ರಾಜಮನೆತನ ಇಲ್ಲೇ ಇತ್ತು. ನಾಲ್ವಡಿಯವರು 1902ರಲ್ಲಿ ಅಧಿಕಾರ ವಹಿಸಿಕೊಂಡ ಸಮಾರಂಭ ನಡೆದದ್ದೂ ಇಲ್ಲೇ. 1915ರಲ್ಲಿ ಇದು ಚಿತ್ರಶಾಲೆ ಆಯ್ತು. ಮುಂದೆ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ ಅಂತ ಹೆಸರು ಬಂತು.

ಗೇಟ್ ಹತ್ರ ಮೇಡಂ ಒಂದೊಂದು ಹಾಳೆ ಕೊಟ್ಟರು. ಕೆಲಸ ಇಷ್ಟೇ. ಒಳಗೆ ಒಂದು ಸುತ್ತು ಬರೋದು, ಒಂದೇ ಒಂದು ಚಿತ್ರ ಆರಿಸೋದು, ಅದರ ಎದುರು ಇಪ್ಪತ್ತು ನಿಮಿಷ ನಿಲ್ಲೋದು. ಕಂಡ ನಲವತ್ತು ಸಂಗತಿ ಬರೀಬೇಕು. 'ಚೆನ್ನಾಗಿದೆ', 'ಸುಂದರವಾಗಿದೆ', 'ಅದ್ಭುತ' ಅಂತ ಬರೆದ್ರೆ ಆ ಸಾಲಿಗೆ ಸೊನ್ನೆ. ಫೋನ್ ಬ್ಯಾಗ್ ಒಳಗೆ. 'ಯಾಕೆ ಮೇಡಂ, ಫೋಟೋ ತೆಗೆದ್ಕೊಂಡು ಮನೇಲಿ ಕೂತು ಆರಾಮಾಗಿ ಬರೀತೀವಿ' ಅಂತ ಒಬ್ಬ ಕೇಳಿದ. 'ಅದಕ್ಕೇ ಬೇಡ ಅಂತಿರೋದು' ಅಂದ್ರು.

ಹುಡುಗರ ಗುಂಪು ಸೀದಾ ಫ್ರೆಂಚ್ ಗಡಿಯಾರದ ಹತ್ರ ಹೋಯ್ತು. ಪುಟ್ಟ ಪುಟ್ಟ ಸಿಪಾಯಿ ಬೊಂಬೆಗಳಿರೋ ಸಂಗೀತದ ಗಡಿಯಾರ ಅದು. ಅದು ಚಿತ್ರ ಅಲ್ಲ ಅಂತ ಹೇಳಿ ಅವರನ್ನ ಅಲ್ಲಿಂದ ಎಬ್ಬಿಸೋಕೆ ಮೇಡಂ ಕಷ್ಟಪಟ್ರು. ನನ್ನ ಗೆಳತಿಯರು ಇಬ್ಬರು ರವಿವರ್ಮನ 'ಗ್ಯಾಲಕ್ಸಿ ಆಫ್ ಮ್ಯೂಸಿಶಿಯನ್ಸ್' ಆರಿಸಿಕೊಂಡ್ರು. ಹನ್ನೊಂದು ಹೆಂಗಸರು ವಾದ್ಯಗಳ ಜೊತೆ ಒಟ್ಟಿಗೆ ಇರೋ ದೊಡ್ಡ ತೈಲವರ್ಣ, 1889ರ ಸುಮಾರಿನದು. ಒಬ್ಬೊಬ್ಬರದ್ದು ಒಂದೊಂದು ಪ್ರಾಂತ್ಯದ ಉಡುಗೆ. ಹನ್ನೊಂದು ಜನ ಅಂದ್ರೆ ಹನ್ನೊಂದು ಸೀರೆ, ಒಡವೆ, ಜಡೆ. ನಲವತ್ತು ಸಾಲು ಸುಲಭವಾಗಿ ತುಂಬುತ್ತೆ. ಬಿ.ಕಾಂ. ಬುದ್ಧಿ, ಇನ್ನೇನು.

ನಾನು ಹೋಗಿದ್ದು ದೀಪ ಹಿಡಿದ ಹುಡುಗಿ ಹತ್ರ.

ಅವಳನ್ನ ನೀವೆಲ್ಲ ನೋಡಿದ್ದೀರಿ. ಕ್ಯಾಲೆಂಡರ್ ಮೇಲೆ, ಹೋಟೆಲ್ ಕ್ಯಾಶ್ ಕೌಂಟರ್ ಹಿಂದೆ, ದೀಪಾವಳಿ ದಿನ ಬರೋ ವಾಟ್ಸಾಪ್ ಫಾರ್ವರ್ಡ್‌ನಲ್ಲಿ. ಸೀರೆ ಉಟ್ಟ ಹುಡುಗಿ, ಒಂದು ಕೈಯಲ್ಲಿ ದೀಪ, ಗಾಳಿಗೆ ಆರದಿರಲಿ ಅಂತ ಇನ್ನೊಂದು ಕೈ ಅಡ್ಡ. ಇಂಗ್ಲಿಷಲ್ಲಿ 'ಗ್ಲೋ ಆಫ್ ಹೋಪ್' ಅಂತಾರೆ. ನಾನು ಅವಳ ಹತ್ರ ಹೋದದ್ದಕ್ಕೆ ಕಾರಣ ಅಪ್ಪ.

ಅಪ್ಪ ಬೋರ್ಡ್ ಬರೆಯೋರು. ಅಂಗಡಿ ಬೋರ್ಡ್, ಶಾಲೆ ಗೋಡೆ, ಲಾರಿ ಹಿಂದಿನ ಸಾಲು, ಚುನಾವಣೆ ಬಂದ್ರೆ ಪಕ್ಷದ ಚಿಹ್ನೆ, ಎಲ್ಲಾ. ಕೈಯಲ್ಲಿ ಸ್ಕೇಲ್ ಇಲ್ಲದೆ ಇಪ್ಪತ್ತು ಅಡಿ ಉದ್ದ ಅಕ್ಷರದ ಸಾಲು ಎಳೆದ್ರೆ ಒಂದು ನೂಲು ಆಚೀಚೆ ಆಗ್ತಿರಲಿಲ್ಲ. ಚಿತ್ರ ಬರೆಯೋದನ್ನ ಯಾರ ಹತ್ರಾನೂ ಕಲಿತವರಲ್ಲ. ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಚೌಕ ಹಾಕೋದು, ಗೋಡೆ ಮೇಲೆ ಅಷ್ಟೇ ಚೌಕ ದೊಡ್ಡದಾಗಿ ಹಾಕೋದು, ಒಂದೊಂದೇ ಚೌಕ ತುಂಬಿಸ್ತಾ ಹೋಗೋದು. ಅವರ ಪಾಲಿಗೆ ದೇವರು ಅಂದ್ರೆ ರಾಜಾ ರವಿವರ್ಮ. ಅಂಗಡಿಗೂ ಅದೇ ಹೆಸರು ಇಟ್ಟಿದ್ರು. ಆಮೇಲೆ ಫ್ಲೆಕ್ಸ್ ಬಂತು. ಮೂರು ದಿನದ ಕೆಲಸ ಮೂರು ಗಂಟೇಲಿ ಮೆಷಿನ್‌ನಿಂದ ಉರುಳಿ ಬರೋಕೆ ಶುರುವಾಯ್ತು. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ನಿಷೇಧಿಸಿದಾಗ ಅಪ್ಪ ಹಳೇ ಬ್ರಷ್‌ಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ನೆನೆಸಿಟ್ಟಿದ್ರು. ಕೆಲಸ ಏನೂ ವಾಪಸ್ ಬರಲಿಲ್ಲ ಅಂತ ನಿಮಗೂ ಗೊತ್ತು. ಫ್ಲೆಕ್ಸೂ ಹೋಗಲಿಲ್ಲ.

ಮದ್ದೂರು ಕಡೆ ಒಂದು ಕಲ್ಯಾಣ ಮಂಟಪದ ಬಾಗಿಲ ಪಕ್ಕದ ಗೋಡೆ ಮೇಲೆ ಅಪ್ಪ ಬರೆದ ದೀಪದ ಹುಡುಗಿ ಇದ್ದಾಳೆ. ಎನಾಮೆಲ್ ಪೇಂಟ್, ಆರಡಿ ಎತ್ತರ. ನಾನು ಹುಟ್ಟೋಕೆ ಮುಂಚೆ ಬರೆದದ್ದು. ಕೆಳಗೆ 'ಮೂಲ: ರವಿವರ್ಮ' ಅಂತ, ಅದರ ಪಕ್ಕ ಚಿಕ್ಕದಾಗಿ ಅಪ್ಪನ ಸಹಿ. ಅಲ್ಲಿ ಯಾರ ಮದುವೆಗೆ ಹೋದ್ರೂ ಅಮ್ಮ ಆ ಗೋಡೆ ಮುಂದೆ ನನ್ನ ನಿಲ್ಲಿಸಿ, 'ನಿಮ್ಮಪ್ಪ ಬರ್ದಿದ್ದು' ಅಂತ ತೋರಿಸೋರು.

ಇನ್ನು ಒಳಗೆ ಬನ್ನಿ.

ಅವಳಿಗೆ ಅಂತ ಒಂದು ಕತ್ತಲೆ ಕೋಣೆ. ಬೆಳಗಿನ ಬಿಸಿಲಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲ್ಲ. ಆಮೇಲೆ ಆ ಕತ್ತಲಲ್ಲಿ ಒಂದು ಮುಖ. ನನ್ನ ಹಿಂದೆ ಬಂದ ಕುಟುಂಬದ ಪುಟ್ಟ ಹುಡುಗ, 'ಹಿಂದೆ ಬಲ್ಬ್ ಇಟ್ಟಿದ್ದಾರಾ?' ಅಂತ ಕೇಳಿದ. ಅವರಪ್ಪ, 'ಇಲ್ಲ ಕಣೋ, ರವಿವರ್ಮ ಹಂಗೆ ಬರ್ದಿರೋದು' ಅಂದ್ರು. ಒಂದು ನಿಮಿಷ ನಿಂತು ಅವರು ಮುಂದೆ ಹೋದ್ರು. ನನಗೆ ಇನ್ನೂ ಹತ್ತೊಂಬತ್ತು ನಿಮಿಷ ಬಾಕಿ.

ಮೊದಲ ಎರಡು ನಿಮಿಷದಲ್ಲಿ ಒಂಬತ್ತು ಸಾಲು ಬರೆದೆ. ಹುಡುಗಿ. ಸೀರೆ. ಅಂಚು. ದೀಪ. ಬಳೆ. ಮುಗೀತು. ಇನ್ನೇನು ಬರೆಯೋದು? ಕೈ ತಾನಾಗೇ ಬ್ಯಾಗಿನ ಕಡೆ ಹೋಯ್ತು. ಐದನೇ ನಿಮಿಷಕ್ಕೆ ಕಾಲು ಬದಲಾಯಿಸಿದೆ. ಏಳನೇ ನಿಮಿಷಕ್ಕೆ ಹಸಿವು. ಒಂದು ಚಿತ್ರದ ಮುಂದೆ ನಿಂತು ಬೇಜಾರಾಗೋದು ಅವಮಾನ ಅಲ್ಲ, ಅದೂ ಒಂದು ಘಟ್ಟ ಅಂತ ಈಗ ಅನಿಸುತ್ತೆ. ಅದನ್ನ ದಾಟದೆ ಏನೂ ಕಾಣಲ್ಲ. ನಾವು ರೀಲ್ಸ್ ನೋಡುವಾಗ ಆ ಘಟ್ಟ ಬರೋಕೇ ಬಿಡಲ್ಲ, ಹೆಬ್ಬೆರಳು ಅದಕ್ಕೆ ಮುಂಚೇನೆ ಮೇಲೆ ಹೋಗಿರುತ್ತೆ.

ಎಂಟೋ ಒಂಬತ್ತೋ ನಿಮಿಷಕ್ಕೆ ಅವಳ ಬೆರಳು ಕಂಡಿತು. ಅಲ್ಲೀವರೆಗೆ ಬೆರಳು ಅಂದ್ರೆ ಬೆರಳು ಅಷ್ಟೇ. ದೀಪಕ್ಕೆ ಅಡ್ಡ ಹಿಡಿದ ಆ ಕೈ ಬರೀ ಬೆಳಕು ಬಿದ್ದ ಕೈ ಅಲ್ಲ. ಬೆಳಕು ಅದರ ಒಳಗಿಂದ ಹಾದು ಬರ್ತಾ ಇದೆ. ಬೆರಳ ಅಂಚು ಕೆಂಪಗೆ, ಕೆಂಡದ ಥರ. ಕರೆಂಟ್ ಹೋದಾಗ ಟಾರ್ಚ್ ಮೇಲೆ ಅಂಗೈ ಇಟ್ಟು ನಾನು, ತಮ್ಮ ಆಡ್ತಿದ್ದದ್ದು ನೆನಪಾಯ್ತು. ನೀವು ಈಗಲೇ ಮಾಡಿ ನೋಡಿ. ಫೋನ್‌ನ ಟಾರ್ಚ್ ಆನ್ ಮಾಡಿ ಮೇಲೆ ಬೆರಳಿಡಿ. ಕೆಂಪಗಾಗುತ್ತೆ ಅಲ್ವಾ? ನಮ್ಮ ರಕ್ತ ನೀಲಿ, ಹಸಿರು ಬೆಳಕನ್ನ ಹೀರಿಕೊಂಡು ಕೆಂಪನ್ನ ಮಾತ್ರ ಆಚೆ ಬಿಡುತ್ತೆ, ಅದಕ್ಕೆ. ಅಂದ್ರೆ ಅಲ್ಲಿ ಕಾಗದದ ಮೇಲೆ ಬರೆದ ಕೈಯಲ್ಲಿ ರಕ್ತ ಹರೀತಿದೆ. ಹದಿನೈದನೇ ಸಾಲು ಅದನ್ನೇ ಬರೆದೆ: ಬೆರಳಲ್ಲಿ ರಕ್ತ ಇದೆ.

ಅಲ್ಲಿಂದ ಮುಂದೆ ಸಾಲು ತಾನಾಗೇ ಬಂತು. ಬೆಳಕು ಎಲ್ಲಿಂದ ಬರ್ತಿದೆ, ಎಲ್ಲೀವರೆಗೆ ಹೋಗ್ತಿದೆ, ಎಲ್ಲಿ ಸುಸ್ತಾಗ್ತಿದೆ. ಮುಖದ ಮೇಲೆ ಹತ್ತಿರದ ಬೆಳಕು. ಸೀರೆ ಮಡಿಕೆಗಳ ಮೇಲೆ ಇಳೀತಾ ಇಳೀತಾ ಮಂಕಾಗೋ ಬೆಳಕು. ಸಮಯ ಆಯ್ತು ಅಂತ ಮೇಡಂ ಕರೆದಾಗ ಮೂವತ್ತೇಳು ಸಾಲು ಆಗಿತ್ತು. ಇನ್ನೂ ಐದು ನಿಮಿಷ ಕೊಡಿ ಅಂದೆ. ಕೊಡಲಿಲ್ಲ.

ಆಮೇಲೆ ಹೊರಗೆ ಮರದ ನೆರಳಲ್ಲಿ ಎಲ್ಲರೂ ಕೂತ್ವಿ. ಚಿತ್ರಾನ್ನದ ಡಬ್ಬಿ ತೆಗೆದ ಮೇಲೆ ಮೇಡಂ ಒಬ್ಬೊಬ್ಬರ ಹಾಳೆ ಓದಿಸಿದ್ರು. ನನ್ನದು ಓದಿದ ಮೇಲೆ ಕೇಳಿದ್ರು, 'ಯಾರು ಬರೆದದ್ದು?' ನಾನು ಬಾಯಿ ಬಿಡೋ ಮುಂಚೆ ಹತ್ತು ಜನ 'ರವಿವರ್ಮ' ಅಂದ್ರು. ಒಬ್ಬ ಫೋನ್ ತೆಗೆದು ಸರ್ಚ್ ಮಾಡಿ, 'ನೋಡಿ ಮೇಡಂ, ಇಲ್ಲೂ ರವಿವರ್ಮ ಅಂತಾನೇ ಹಾಕಿದ್ದಾರೆ' ಅಂತ ತೋರಿಸಿದ.

ಮೇಡಂ ಬೈಯಲಿಲ್ಲ. 'ನೀವು ಕಾಮರ್ಸ್ ಅಲ್ವಾ, ಲೆಕ್ಕ ಮಾಡಿ' ಅಂದ್ರು. ರವಿವರ್ಮ ಹುಟ್ಟಿದ್ದು 1848, ತೀರಿಕೊಂಡದ್ದು 1906. ಈ ಚಿತ್ರಕ್ಕೆ ದೀಪ ಹಿಡಿದು ನಿಂತ ಹುಡುಗಿ ನಿಜವಾದ ಹುಡುಗಿ, ಹೆಸರು ಗೀತಾ. ಅವರು ಕೊಲ್ಹಾಪುರದಲ್ಲಿ ತೀರಿಕೊಂಡದ್ದು 2018ರಲ್ಲಿ, ಆಗ ಅವರಿಗೆ 102 ವರ್ಷ. ಕಳೆದರೆ ಎಷ್ಟು? ರವಿವರ್ಮ ತೀರಿಕೊಂಡು ಸುಮಾರು ಹತ್ತು ವರ್ಷ ಆದ ಮೇಲೆ ಹುಟ್ಟಿದ ಹುಡುಗಿಯನ್ನ ರವಿವರ್ಮ ಎದುರು ನಿಲ್ಲಿಸಿಕೊಂಡು ಬರೆದದ್ದು ಹೇಗೆ?

ಸರ್ಚ್ ಮಾಡಿದವನು ಫೋನ್ ಒಳಗಿಟ್ಟ.

ಬರೆದವರು ಅವಳ ತಂದೆ. ಸಾವಳಾರಾಮ ಲಕ್ಷ್ಮಣ ಹಳದಣಕರ್. 1882ರಲ್ಲಿ ಸಾವಂತವಾಡಿಯಲ್ಲಿ ಹುಟ್ಟಿದವರು, ಮುಂಬಯಿಯ ಜೆ.ಜೆ. ಕಲಾ ಶಾಲೆಯಲ್ಲಿ ಓದಿದವರು, ಅಲ್ಲೇ ಸ್ವಂತ ಚಿತ್ರಶಾಲೆ ನಡೆಸಿ ಎಷ್ಟೋ ಮಕ್ಕಳಿಗೆ ಕಲಿಸಿದವರು. 1968ರಲ್ಲಿ ತೀರಿಕೊಂಡ್ರು. ದೀಪಾವಳಿಯಲ್ಲಿ ಮಗಳು ದೀಪ ಹಿಡಿದು ಬರೋದನ್ನ ನೋಡಿ ಈ ಚಿತ್ರ ಹೊಳೀತು, ಅವಳನ್ನ ದಿನಗಟ್ಟಲೆ ನಿಲ್ಲಿಸಿ ಬರೆದರು ಅಂತ ಹೇಳ್ತಾರೆ.

ಹಾಗಾದ್ರೆ ರವಿವರ್ಮನ ಹೆಸರು ಹೇಗೆ ಅಂಟಿಕೊಂಡಿತು? ಇದರಲ್ಲಿ ರವಿವರ್ಮನ ತಪ್ಪೇನೂ ಇಲ್ಲ. ಅವರು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿ ತಮ್ಮ ಚಿತ್ರಗಳನ್ನ ಸಾವಿರಗಟ್ಟಲೆ ಅಚ್ಚು ಹಾಕಿಸಿದ್ರು. ಅಜ್ಜಿ ಮನೆಯ ಲಕ್ಷ್ಮಿ, ಸರಸ್ವತಿ ಪಟ ಬಂದದ್ದು ಆ ದಾರಿಯಲ್ಲಿ. ಅರಮನೆಯ ಕಲೆ ಕೂಲಿಯವನ ಮನೆ ಗೋಡೆಗೂ ಬಂತು. ದೊಡ್ಡ ಕೆಲಸ ಅದು. ಆದರೆ ಅದರ ಜೊತೆ, ಸೀರೆ ಉಟ್ಟ ಹೆಂಗಸಿನ ಹಳೇ ಚಿತ್ರ ಅಂದ್ರೆ ರವಿವರ್ಮನದ್ದೇ ಅನ್ನೋ ಅಭ್ಯಾಸವೂ ಬಂತು. ಕ್ಯಾಲೆಂಡರ್‌ನವರು ಹಾಕಿದ್ರು, ಅದನ್ನ ನೋಡಿ ಇನ್ನೊಬ್ಬರು ಹಾಕಿದ್ರು, ಈಗ ಫಾರ್ವರ್ಡ್. ರವಿವರ್ಮನ ಚಿತ್ರಗಳನ್ನ ಸರ್ಕಾರ 1979ರಲ್ಲಿ ರಾಷ್ಟ್ರೀಯ ಕಲಾ ಸಂಪತ್ತು ಅಂತ ಘೋಷಿಸಿದೆ, ದೇಶದಿಂದ ಆಚೆ ಕಳಿಸೋ ಹಾಗಿಲ್ಲ. ಅವರ ಹೆಸರಿಗೆ ಇನ್ನೊಂದು ಚಿತ್ರ ಸೇರಿಸಬೇಕಾದ ಅಗತ್ಯ ಏನಿತ್ತು? ಹಳದಣಕರ್ ಅವರ ಹೆಸರನ್ನ ದೇಶದ ಉದ್ದಕ್ಕೂ ಹೊತ್ತು ಹೋಗಬಹುದಾಗಿದ್ದ ಚಿತ್ರ ಇದು, ಅದರಿಂದಲೇ ಅವರ ಹೆಸರು ಕಳಚಿ ಬಿತ್ತು.

ಇನ್ನೊಂದು ವಿಷಯ, ನಮ್ಮ ಬಿಸಿನೆಸ್ ಲಾ ಪೇಪರ್‌ನಿಂದ. ನಮ್ಮ ದೇಶದಲ್ಲಿ ಕಾಪಿರೈಟ್ ಚಿತ್ರಕಾರ ತೀರಿಕೊಂಡ ಮೇಲೆ 60 ವರ್ಷ ಇರುತ್ತೆ. 1968ಕ್ಕೆ 60 ಸೇರಿಸಿದ್ರೆ 2028. ಅಂದ್ರೆ ಈ ಚಿತ್ರ ಇನ್ನೂ ಸಾರ್ವಜನಿಕ ಸ್ವತ್ತಲ್ಲ. ಇದನ್ನ ಕ್ಲಾಸಲ್ಲಿ ಜೋರಾಗಿ ಹೇಳೋಕೆ ಹೊರಟೆ. ಮದ್ದೂರಿನ ಗೋಡೆ ನೆನಪಾಗಿ ಸುಮ್ಮನಾದೆ.

ಹೆಸರಿನ ವಿಷಯಕ್ಕಿಂತ ಮೇಡಂ ಕೊನೆಗೆ ಹೇಳಿದ್ದು ನನ್ನ ತಲೆಯಲ್ಲಿ ನಿಂತಿತು. ಆ ಚಿತ್ರ ತೈಲವರ್ಣ ಅಲ್ಲ. ಜಲವರ್ಣ, ವಾಟರ್ ಕಲರ್. ಕಾಗದದ ಮೇಲೆ ಬರೆದದ್ದು. ಅದಕ್ಕೇ ಕತ್ತಲೆ ಕೋಣೆ ಒಳ್ಳೇದು. ಬೆಳಕು ಬಿದ್ದಷ್ಟೂ ಜಲವರ್ಣ ಮಾಸುತ್ತೆ. ಕಾಗದದ ಮೇಲಿನ ಚಿತ್ರಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಅನ್ನೋದು ಮ್ಯೂಸಿಯಂಗಳು ಸಾಮಾನ್ಯವಾಗಿ ಪಾಲಿಸೋ ಲೆಕ್ಕ. ನಾವು ಓದೋ ಟೇಬಲ್ ಮೇಲೆ ಅದರ ಆರೇಳು ಪಟ್ಟು ಬೆಳಕಿರುತ್ತೆ. ಬೆಳಕಿನ ಚಿತ್ರವನ್ನ ಬೆಳಕಿನಿಂದ ಕಾಪಾಡಬೇಕು, ನೋಡಿ ಹೇಗಿದೆ.

ಸಂಜೆ ಟ್ರೇನ್ ಹತ್ತೋ ಮುಂಚೆ ಪ್ಲಾಟ್‌ಫಾರ್ಮ್‌ನಿಂದ ಅಪ್ಪನಿಗೆ ಫೋನ್ ಮಾಡಿದೆ. ದಾರಿಯುದ್ದಕ್ಕೂ ಹೇಗೆ ಹೇಳೋದು ಅಂತ ಯೋಚನೆ. ಮೂವತ್ತು ವರ್ಷ ದೇವರು ಅಂದುಕೊಂಡಿರೋರ ಹೆಸರು ಅದು.

'ಅಪ್ಪಾ, ದೀಪದ ಹುಡುಗಿ ನೋಡ್ದೆ. ಅದು ರವಿವರ್ಮಂದಲ್ವಂತೆ.'

'ಇನ್ಯಾರ್ದಂತೆ?'

ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಟಿವಿ ಸದ್ದು ಮಾತ್ರ.

'ಆಯಿಲ್ ಪೇಂಟೇ ತಾನೆ?'

'ಅಲ್ಲಪ್ಪ. ವಾಟರ್ ಕಲರ್.'

'ಸುಳ್ಳು.'

'ನಿಜವಾಗ್ಲೂ. ಮೇಡಂ ಹೇಳಿದ್ರು.'

ಟಿವಿ ಸದ್ದು ನಿಂತಿತು. ಆಫ್ ಮಾಡಿದ್ರು ಅನ್ಸುತ್ತೆ. 'ವಾಟರ್ ಕಲರ್‌ನಲ್ಲಾ? ಅಷ್ಟು ಕತ್ಲೆ ಹಾಕಿ, ಅಷ್ಟು ಬೆಳಕು ಉಳಿಸವ್ರಾ?' ಅಂದ್ರು.

ನನಗೆ ಆಗ ಅರ್ಥ ಆಗಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ ಬಿಡಿಸಿ ಹೇಳಿದ್ರು. ಎನಾಮೆಲ್‌ನಲ್ಲಿ ಅವರು ಬರೆಯೋದು ಹೀಗೆ: ಮೊದಲು ಕಪ್ಪು, ಗಾಢ ಬಣ್ಣ ಎಲ್ಲಾ ತುಂಬೋದು. ಬೆಳಕು ಕೊನೆಗೆ. ಬಿಳಿಗೆ ಸ್ವಲ್ಪ ಹಳದಿ ಸೇರಿಸಿ, ಒಣಗಿದ ಬಣ್ಣದ ಮೇಲೆ ಹಚ್ಚಿದ್ರೆ ಹೊಳೆಯುತ್ತೆ. ತಪ್ಪಾದ್ರೆ ಅದರ ಮೇಲೇ ಇನ್ನೊಂದು ಕೈ. ವಾಟರ್ ಕಲರ್ ಇದಕ್ಕೆ ತಿರುಗಾಮುರುಗಾ. ಪದ್ಧತಿ ಪ್ರಕಾರ ಅಲ್ಲಿ ಬಿಳಿ ಅಂದ್ರೆ ಕಾಗದವೇ. ಎಲ್ಲಿ ಬೆಳಕು ಬೇಕೋ ಅಲ್ಲಿ ಬಣ್ಣ ಹಚ್ಚದೆ, ಇಲ್ಲಾ ನೀರು ನೀರಾಗಿ ಹಚ್ಚಿ ಬಿಡಬೇಕು. ಮೊದಲೇ ಗೊತ್ತಿರಬೇಕು, ಎಲ್ಲಿ ಬಿಡಬೇಕು ಅಂತ. ಗಾಢ ಬಣ್ಣ ಒಂದು ಸಲ ಕಾಗದ ಕುಡಿದ ಮೇಲೆ ಬೆಳಕನ್ನ ವಾಪಸ್ ತರೋದು ಬಹಳ ಕಷ್ಟ.

'ನಾನು ಬೆಳಕ ಹಚ್ದೆ. ಆವಯ್ಯ ಬೆಳಕ ಬಿಟ್ಟವ್ರೆ' ಅಂದ್ರು ಅಪ್ಪ. ಊಟಕ್ಕೆ ಕೂತಾಗಲೂ ಅದೇ ಯೋಚನೆ. ತಟ್ಟೆ ಅಂಚಲ್ಲಿ ಬೆರಳಿಂದ ಏನೋ ಗೀಚ್ತಾ ಇದ್ರು. ರವಿವರ್ಮ ಅಲ್ಲ ಅನ್ನೋ ಬೇಜಾರು ಹತ್ತು ನಿಮಿಷವೂ ಉಳಿಯಲಿಲ್ಲ.

ಮುಂದಿನ ಭಾನುವಾರ ಇಬ್ಬರೂ ಮೈಸೂರಿಗೆ ಹೋದ್ವಿ. ನಲವತ್ತೈದು ಕಿಲೋಮೀಟರ್ ದೂರದಲ್ಲಿದ್ದ ಮೂಲ ಚಿತ್ರವನ್ನ ಅಪ್ಪ ಅಲ್ಲೀವರೆಗೆ ನೋಡಿರಲಿಲ್ಲ. ಗೋಡೆ ಮೇಲೆ ಬರೆದದ್ದು ಕ್ಯಾಲೆಂಡರ್ ನೋಡಿ. ಟಿಕೆಟ್ ತಗೊಂಡು ಹೋಗೋ ಜಾಗ ಅದು, ಬೋರ್ಡ್ ಬರೆಯೋರಿಗಲ್ಲ ಅಂತ ಅವರ ತಲೆಯಲ್ಲಿ ಇತ್ತೇನೋ. ಕತ್ತಲೆ ಕೋಣೆಯಲ್ಲಿ ನಾನು ಇಪ್ಪತ್ತು ನಿಮಿಷ ಲೆಕ್ಕ ಹಾಕಿ ಆಚೆ ಬಂದೆ. ಅಪ್ಪ ಬರಲಿಲ್ಲ. ಮೇಲಿನ ಮಹಡಿಗೆ ಹೋಗಿ ಹಳೇ ವೀಣೆ, ತಂಬೂರಿ ಎಲ್ಲಾ ನೋಡಿ ಬಂದೆ, ಆಗಲೂ ಅಲ್ಲೇ. ಅಲ್ಲಿದ್ದ ಕಾವಲಿನವರ ಜೊತೆ ಮೆಲ್ಲಗೆ ಮಾತಾಡ್ತಾ, ತಮ್ಮ ಅಂಗೈ ಎತ್ತಿ, ಬೆರಳು ಹೀಗೆ ಹಾಗೆ ಮಾಡಿ ತೋರಿಸ್ತಾ ಇದ್ರು.

ವಾಪಸ್ ಬರುವಾಗ ಹೆಸರು ಬರೆದುಕೊಡು ಅಂದ್ರು. ನಾನು ಇಂಗ್ಲಿಷ್ ಸ್ಪೆಲಿಂಗ್ ನೋಡಿ 'ಹಲ್ದಂಕರ್' ಅಂತ ಬರೆದುಕೊಟ್ಟೆ. ಟ್ರೇನ್‌ನಲ್ಲಿ ಎದುರಿಗೆ ಕೂತಿದ್ದ ಬೆಳಗಾವಿ ಕಡೆಯವರು, 'ಮರಾಠಿ ಹೆಸರು, ಹಳದಣಕರ್ ಅನ್ನಬೇಕ್ರಿ' ಅಂದ್ರು. ಅಪ್ಪನಿಗೆ ಖುಷಿಯಾಯ್ತು. 'ಳ, ಣ ಎರಡೂ ನಮ್ಮ ಹತ್ರ ಅವೆ. ಇಂಗ್ಲೀಷ್ನೋರ ಹತ್ರ ಇಲ್ಲ' ಅಂದ್ರು.

ಒಂದು ತಿಂಗಳಾದ ಮೇಲೆ ಅಪ್ಪ ಸ್ಕೂಟರ್‌ನಲ್ಲಿ ಎರಡು ಡಬ್ಬಿ ಪೇಂಟ್ ಇಟ್ಕೊಂಡು ಮದ್ದೂರಿಗೆ ಹೊರಟ್ರು. ನಾನೂ ಹಿಂದೆ ಕೂತೆ. ಮದುವೆ ಸೀಸನ್ ಅಲ್ಲ, ಮಂಟಪ ಖಾಲಿ. ಮ್ಯಾನೇಜರ್‌ಗೆ ವಿಷಯ ಏನು ಅಂತ ಪೂರ್ತಿ ಅರ್ಥ ಆಗಲಿಲ್ಲ. 'ದುಡ್ಡು ಕೇಳ್ಬೇಡಿ, ಏನಾದ್ರೂ ಮಾಡ್ಕೊಳಿ' ಅಂದು ಟೀ ಕಳಿಸಿದ್ರು.

ಅಪ್ಪ ಮೊದಲು 'ರವಿವರ್ಮ' ಅಳಿಸಿದ್ರು. ಅಳಿಸೋ ಮುಂಚೆ ಒಂದು ಸಲ ಬಟ್ಟೆಯಿಂದ ಆ ಅಕ್ಷರದ ಮೇಲಿನ ಧೂಳು ಒರೆಸಿದ್ರು. ಹಿನ್ನೆಲೆ ಬಣ್ಣ ಹಚ್ಚಿ, ಒಣಗೋಕೆ ಬಿಟ್ಟು, ದಾರಕ್ಕೆ ಚಾಕ್ ಪುಡಿ ಹಚ್ಚಿ ಗೋಡೆ ಮೇಲೆ ಛಟ್ ಅಂತ ಹೊಡೆದು ಗೆರೆ ಎಳೆದ್ರು. ಆಮೇಲೆ ಗೇಣು ಹಾಕಿ ಅಳೆದ್ರು. ರವಿವರ್ಮ, ನಾಲ್ಕು ಅಕ್ಷರ. ಹಳದಣಕರ್, ಆರು. ಮುಂದೆ 'ಎಸ್. ಎಲ್.' ಬೇರೆ. ಜಾಗ ಸಾಲಲ್ಲ. ಪಕ್ಕದಲ್ಲೇ ಅವರ ಸಹಿ ಇತ್ತಲ್ಲ.

'ಅಕ್ಷರ ಚಿಕ್ಕದು ಮಾಡಪ್ಪ' ಅಂದೆ.

'ಚಿಕ್ಕದು ಮಾಡಿದ್ರೆ ರಸ್ತೆಗೆ ಕಾಣಲ್ಲ' ಅಂದು ಅದೇ ಬ್ರಷ್‌ನಿಂದ ತಮ್ಮ ಹೆಸರಿನ ಮೇಲೂ ಬಣ್ಣ ಎಳೆದ್ರು.

'ನಿಮ್ಮ ಹೆಸ್ರು?'

'ಕೆಳಗೆ ಐತಲ್ಲ ಜಾಗ.'

ಈಗ ಅಪ್ಪನ ಸಹಿ ನೆಲದಿಂದ ಒಂದು ಗೇಣು ಮೇಲಿದೆ, ನೆಲ ಒರೆಸುವಾಗ ನೀರು ಹಾರೋ ಜಾಗದಲ್ಲಿ. ಆರು ತಿಂಗಳಿಗೊಂದು ಸಲ ಹೋಗಿ ತಿದ್ದಿ ಬರ್ತಾರೆ.